ತೂಬಿನ ಬಲಕ್ಕೆ

ಕೆರೆಯ ಹೆಸರು ಹೇಳುವುದಿಲ್ಲ. ಶಿಡ್ಲಘಟ್ಟದಿಂದ ಸಾದಲಿ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಕಿಟಕಿಗೆ ಒಂದು ಉದ್ದನೆಯ ಏರಿ ಕಾಣುತ್ತದೆ. ಅಷ್ಟಾದರೂ ಹೇಳಬಹುದೋ ಬಾರದೋ ಎಂದು ಎರಡು ದಿನ ಯೋಚಿಸಿ, ಹೇಳಿಬಿಟ್ಟಿದ್ದೇನೆ. ಆ ದಿಕ್ಕಿನಲ್ಲಿ ಅಂಥ ಏರಿಗಳು ಹತ್ತಾರಿವೆ, ಹುಡುಕುವವರು ಹುಡುಕಿಕೊಳ್ಳಲಿ. ನನಗಿನ್ನೂ ನಿವೃತ್ತಿಗೆ ವರ್ಷಗಳಿವೆ, ಮತ್ತು ಇಲ್ಲಿ ಬರೆಯಲು ಹೊರಟಿರುವುದು ನನ್ನ ನೌಕರಿ ಕಾಯಂ ಆದ ಬಗೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಕೆರೆಗಳಿಗೆ ಮೀನುಮರಿ ಬಿಡುವ ಇಲಾಖೆಯ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಈಜು ಬರುತ್ತದೆಯೇ? ಅದರ ಮೇಲಿನ ಪ್ರಶ್ನೆಗಳಿಗೆಲ್ಲ ನಾನು ‘ಇಲ್ಲ’ ಎಂದೇ ಬರೆಯಬೇಕಾಗಿ ಬಂದಿತ್ತು. ಇಂಟರ್‌ಮೀಡಿಯೆಟ್ ಪಾಸಾಗಿದೆಯೇ, ಇಲ್ಲ. ಹಿಂದೆ ಕೆಲಸ ಮಾಡಿದ ಅನುಭವವಿದೆಯೇ, ಇಲ್ಲ. ತೆಲುಗು ಬರುತ್ತದೆಯೇ, ಇಲ್ಲ. ಒಂದರ ಕೆಳಗೊಂದು ಇಲ್ಲಗಳು ಸಾಲುಗಟ್ಟಿ ನಿಂತದ್ದು ನೋಡಿ ನನಗೇ ನಾಚಿಕೆಯಾಗಿ, ನಾಲ್ಕನೆಯದಕ್ಕೆ ‘ಹೌದು’ ಎಂದು ಬರೆದೆ. ಅಕ್ಷರ ಮಾತ್ರ ಉಳಿದವಕ್ಕಿಂತ ಚಿಕ್ಕದಾಗಿ ಬಂತು.

ಕೆಲಸ ಸಿಕ್ಕಿತು, ಬೇಸಿಗೆಯ ಮಟ್ಟಿಗೆ. ನೀರು ಇಳಿಯತೊಡಗಿದ ಮೇಲೆ ಮಳೆ ಬೀಳುವ ತನಕ ಕೆರೆಯಲ್ಲಿ ಮೀನು ಹಿಡಿಯುವ ಕಾಲ. ಬೆಸ್ತರು ಹರಿಗೋಲು ಹೊತ್ತು ತಂದು ಏರಿಯ ಕೆಳಗೆ ಗುಡಿಸಲು ಹಾಕಿಕೊಳ್ಳುತ್ತಾರೆ. ಅವರ ಜೊತೆ ನೀರಿನ ಮೇಲೆ ಹೋಗಿ, ಬಲೆಗೆ ಬಿದ್ದ ಮೀನು ಇಲಾಖೆ ಕೊಟ್ಟ ಒಂದಡಿ ಕೋಲಿಗಿಂತ ಗಿಡ್ಡವಿದ್ದರೆ ವಾಪಸು ನೀರಿಗೆ ಬಿಡಿಸುವುದು ನನ್ನ ಕೆಲಸ. ಬೇಸಿಗೆಯ ಕೊನೆಗೆ ಬೆಂಗಳೂರಿನಿಂದ ಸಾಹೇಬರು ಬಂದು, ನಾನು ಈಜುವುದನ್ನು ಕಣ್ಣಾರೆ ನೋಡಿ, ಸರಿ ಕಂಡರೆ ಕಾಯಂ ಮಾಡುತ್ತಾರೆ. ಹಾಗೆಂದು ನೇಮಕದ ಕಾಗದದಲ್ಲೇ ಇತ್ತು. ಅದನ್ನು ಓದಿದ ದಿನ ಊಟ ಸೇರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಸುಳ್ಳು ಒಪ್ಪಿಕೊಂಡು ಮನೆಗೆ ಹೋಗುತ್ತಿದ್ದರು. ನನಗೆ ಮನೆಯದೇ ತೊಂದರೆ. ತಂದೆತಾಯಿ ಹೋದ ಮೇಲೆ ಚಿಕ್ಕಬಳ್ಳಾಪುರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಅತ್ತಿಗೆ ಕೆಟ್ಟವರಲ್ಲ, ಅನ್ನಕ್ಕೆ ಕಡಿಮೆ ಮಾಡಿದವರಲ್ಲ. ನನ್ನ ಚಾಪೆಯ ಜಾಗವನ್ನು ಮಾತ್ರ ಆಗಾಗ ಬದಲಿಸುತ್ತಿದ್ದರು. ಮೊದಲು ನಡುಮನೆಯಲ್ಲಿತ್ತು. ಮಗು ಹುಟ್ಟಿದ ಮೇಲೆ ಪಡಸಾಲೆಗೆ ಬಂತು. ಅವರ ತಮ್ಮ ಓದಲು ಬಂದ ಮೇಲೆ ಹಿತ್ತಲ ಬಾಗಿಲ ಹತ್ತಿರ, ಸೌದೆಯ ಪಕ್ಕ. ಮುಂದಿನ ಜಾಗ ಯಾವುದೆಂದು ಲೆಕ್ಕ ಹಾಕಿದರೆ ಹಿತ್ತಲ ಬಾಗಿಲಿನಿಂದಾಚೆ ಬಾವಿಕಟ್ಟೆ ಒಂದೇ ಉಳಿದಿತ್ತು. ಕೆಲಸ ಕಾಯಂ ಆದರೆ ಒಂದು ಕೋಣೆ ಸಿಗುತ್ತದೆ, ಚಾಪೆ ಹಾಸಿದಲ್ಲೇ ಇರುತ್ತದೆ. ಆ ಬೇಸಿಗೆಯಲ್ಲಿ ನನಗೆ ಬೇಕಾಗಿದ್ದದ್ದು ಇಷ್ಟೇ.

ತೆಲುಗು ಬಾರದ್ದಕ್ಕೂ ಒಂದು ಕಾರಣವಿದೆ. ತಂದೆ ಮೈಸೂರು ಕಡೆಯವರು, ಅಂಚೆ ಕಚೇರಿಯಲ್ಲಿದ್ದರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಈ ಸೀಮೆಯಲ್ಲೇ ಸುತ್ತಿ ಇಲ್ಲೇ ತೀರಿಕೊಂಡರು. ಇಲ್ಲಿ ಅಂಗಡಿಗೆ ಒಂದು ಭಾಷೆ, ಮನೆಗೆ ಒಂದು ಭಾಷೆ, ಜಗಳಕ್ಕೆ ಎರಡೂ. ನಮ್ಮ ಮನೆಯಲ್ಲಿ ಮಾತ್ರ ತೆಲುಗು ಬಾಯಿಗೆ ಬರಕೂಡದೆಂದು ತಂದೆಯವರ ಕಟ್ಟಪ್ಪಣೆ. ಅಣ್ಣ ಕದ್ದು ಕಲಿತ. ನಾನು ವಿಧೇಯ. ಅದರ ಫಲವಾಗಿ, ಸ್ಕೂಲಿನಲ್ಲಿ ಎಲ್ಲರೂ ನಕ್ಕ ಮೇಲೆ ಒಂದು ಗಳಿಗೆ ತಡೆದು ನಗುವುದನ್ನು ಅಭ್ಯಾಸ ಮಾಡಿಕೊಂಡೆ. ನಗು ನನ್ನ ಮೇಲೆಯೇ ಇದ್ದಾಗಲೂ ಹಾಗೇ ನಕ್ಕಿದ್ದೇನೆಂದು ಆಮೇಲೆ ತಿಳಿಯಿತು.

ಕೆರೆಗೆ ಹೋಗಿ ನೋಡಿದರೆ ಐದು ಹರಿಗೋಲು. ನಾಲ್ಕರಲ್ಲಿ ಗಂಡ ಹೆಂಡತಿ ಜೋಡಿ. ಗಂಡ ಹುಟ್ಟು ಹಾಕುವುದು, ಹೆಂಡತಿ ಬಲೆ ಬಿಡುವುದು, ಬಿಟ್ಟಾದ ಮೇಲೆ ಅವಳೂ ಒಂದು ಹುಟ್ಟು ಹಿಡಿಯುವುದು. ಐದನೆಯದರಲ್ಲಿ ಒಬ್ಬ ತಾತ ಮಾತ್ರ. ಕೈವಾರದ ಪಕ್ಕದ ಹಳ್ಳಿಯವನು. ಅವನ ಹೆಂಡತಿ ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋಗಿದ್ದಳು. ಜಾಗ ಖಾಲಿಯಿದ್ದದ್ದು ಅಲ್ಲೊಂದೇ, ಆದ್ದರಿಂದ ಇಲಾಖೆಯ ಪ್ರತಿನಿಧಿಯನ್ನು ಅಲ್ಲಿ ಕೂರಿಸಿದರು.

ಹರಿಗೋಲು ಅಂದರೆ ಎಮ್ಮೆ ಚರ್ಮ ಹೊದಿಸಿದ ದೊಡ್ಡ ಬಿದಿರು ಬುಟ್ಟಿ. ಅದರೊಳಗೆ ಮೊದಲ ಹೆಜ್ಜೆ ಇಟ್ಟಾಗ ಬುಟ್ಟಿ ನನ್ನನ್ನು ಬೇಡವೆನ್ನುವಂತೆ ಪಕ್ಕಕ್ಕೆ ಸರಿಯಿತು. ನಾನು ಕೂತು, ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡೆ. ಅಳತೆಕೋಲು ಕಂಕುಳಲ್ಲಿ. ತಾತ ಒಮ್ಮೆ ನನ್ನ ಕೈಗಳನ್ನು ನೋಡಿ, ಹುಟ್ಟು ಎತ್ತಿಕೊಂಡ.

ಅವನು ಏನಾದರೂ ಹೇಳಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ದಡದಲ್ಲಿ ತಾತ ಒಳ್ಳೆಯ ಕನ್ನಡ ಆಡುತ್ತಿದ್ದ. ನನ್ನನ್ನು ಸಾಮಿ ಎನ್ನುತ್ತಿದ್ದ, ತಾವು ಎನ್ನುತ್ತಿದ್ದ. ಹರಿಗೋಲು ದಡ ಬಿಟ್ಟು ಎರಡು ಮಾರು ಹೋಯಿತೋ ಇಲ್ಲವೋ ಬಾಯಿ ತೆಲುಗಿಗೆ ಹೊರಳುತ್ತಿತ್ತು. ಸಾಮಿ ಹೋಗಿ ನಾಯನಾ ಆಗುತ್ತಿತ್ತು, ತಾವು ಹೋಗಿ ನೀನು ಆಗುತ್ತಿತ್ತು. ನಾಯನಾ ಅಂದರೆ ಮಗನನ್ನು ಅಕ್ಕರೆಯಿಂದ ಕರೆಯುವುದು ಎಂದು ಆಗ ನನಗೆ ಗೊತ್ತಿಲ್ಲ. ಬೈಗುಳವಿರಬಹುದೆಂದು ಒಂದು ವಾರ ಅನುಮಾನವಿತ್ತು. ಕೊನೆಗೆ ದಡದಲ್ಲಿ ಕೇಳಿದೆ.

“ತಾತ, ನೀರಿನ ಮೇಲೆ ಕನ್ನಡ ಯಾಕೆ ಮಾತಾಡಲ್ಲ?”

ಅವನು ಬಲೆಯ ಸಿಕ್ಕು ಬಿಡಿಸುತ್ತಿದ್ದ. “ನಮ್ಮಪ್ಪ ನಂಗೆ ಕೆಲಸ ಕಲಿಸಿದ್ದು ತೆಲುಗ್ನಾಗೆ ಸಾಮಿ. ನೀರಿಗಿಳಿದ್ರೆ ಅದೇ ಬರ್ತೈತೆ. ಬೇಕಂತ ಮಾಡೋದಲ್ಲ.”

ಹೀಗಾಗಿ ನನ್ನ ದಿನಗಳು ಎರಡು ಪಾಲಾದವು. ಮಾತು ತಿಳಿಯುತ್ತಿದ್ದ ದಡದಲ್ಲಿ ತಾತನಿಗೆ ನನ್ನ ಜೊತೆ ಕೆಲಸವಿರಲಿಲ್ಲ. ಕೆಲಸವಿದ್ದ ನೀರಿನ ಮೇಲೆ ಮಾತು ತಿಳಿಯುತ್ತಿರಲಿಲ್ಲ. ಬೆಳಗಿನ ಮಬ್ಬಿನಲ್ಲಿ ಹೊರಟು, ಹಿಂದಿನ ಸಂಜೆ ಬಿಟ್ಟ ಬಲೆಯನ್ನು ಎತ್ತುತ್ತಿದ್ದೆವು. ತಾತ ಎಳೆಯುವುದು, ನಾನು ಅಳೆಯುವುದು. ದೂರದಲ್ಲಿ ಉಳಿದ ನಾಲ್ಕು ಹರಿಗೋಲುಗಳಲ್ಲಿ ಗಂಡಹೆಂಡಿರು ಜಗಳವಾಡುವುದು, ಕಿಚಾಯಿಸುವುದು, ಒಂದು ಹರಿಗೋಲಿನ ಮಾತಿಗೆ ಇನ್ನೊಂದರಿಂದ ಉತ್ತರ ಬರುವುದು. ನೀರಿನ ಮೇಲೆ ಮಾತು ಬಹಳ ದೂರ ಸಾಗುತ್ತದೆ. ನಗು ಬಂದಾಗ ನಾನೂ ಒಂದು ಗಳಿಗೆ ತಡೆದು ನಗುತ್ತಿದ್ದೆ. ನನ್ನ ನಗು ಒಂಟಿಯಾಗಿ ಕೆರೆಯ ಮೇಲೆ ಹೋಗಿ ಏರಿಗೆ ತಗುಲಿ ವಾಪಸು ಬರುತ್ತಿತ್ತು. ಎರಡು ದಿನ ಅದನ್ನು ಕೇಳಿ ಬಿಟ್ಟುಬಿಟ್ಟೆ.

ಎಂಟು ಗಂಟೆಗೆಲ್ಲ ದಡ. ಮೀನು ಕೊಳ್ಳಲು ಶಿಡ್ಲಘಟ್ಟದಿಂದ ಒಬ್ಬ ಸಾಬರು ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದರು. ಅವರು ಹೋದ ಮೇಲೆ ಬೆಸ್ತರು ಬಲೆಗಳನ್ನು ಏರಿಯ ಮೇಲೆ ಒಣಗಲು ಹರಡಿ, ಗುಡಿಸಲು ಸೇರಿ, ಮುದ್ದೆ ಮೀನುಸಾರು ಉಂಡು ಮಲಗುತ್ತಿದ್ದರು. ಮೀನು ತಿನ್ನದ ನಾನು ತೂಬಿನ ಪಕ್ಕದ ಹಳೆಯ ಕೋಣೆಯಲ್ಲಿ ಅನ್ನ ಬೇಯಿಸಿ, ತಿಳಿಸಾರು ಮಾಡಿ, ಒಬ್ಬನೇ ಉಣ್ಣುತ್ತಿದ್ದೆ. ಆಮೇಲೆ ಮಧ್ಯಾಹ್ನ. ಆ ಮಧ್ಯಾಹ್ನಗಳಷ್ಟು ಉದ್ದದ ವಸ್ತುವನ್ನು ನಾನು ಯಾವ ಕೋಲಿನಿಂದಲೂ ಅಳೆದಿಲ್ಲ. ನೀರು ಇಳಿದಲ್ಲಿ ಕೆಸರು ಬಿರಿಯುತ್ತ ಹೋಗುವುದನ್ನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಪರೀಕ್ಷೆಗೆ ಇನ್ನೆಷ್ಟು ದಿನವೆಂದು ಕೆರೆಯೇ ತೋರಿಸುತ್ತಿತ್ತು.

ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಗೋಣಿಚೀಲದ ಮೇಲೆ ಬೋರಲು ಮಲಗಿ ಈಜುವುದನ್ನು ಅಭ್ಯಾಸ ಮಾಡುತ್ತಿದ್ದೆ. ಚಿಕ್ಕಂದಿನಲ್ಲಿ ಹುಡುಗರು ಬಾವಿಯಲ್ಲಿ ಮಾಡುತ್ತಿದ್ದದ್ದನ್ನು ನೆನಪು ಮಾಡಿಕೊಂಡು ಕೈಕಾಲು ಆಡಿಸುವುದು. ಗೋಣಿಚೀಲದ ಮೇಲೆ ನಾನು ಒಳ್ಳೆಯ ಈಜುಗಾರ. ಅಣ್ಣನಿಗೆ ಒಂದು ಕಾರ್ಡು ಬರೆದೆ, ಕ್ಷೇಮ, ಕೆಲಸ ಚೆನ್ನಾಗಿದೆ ಎಂದು. ಹದಿನೈದು ದಿನಕ್ಕೆ ಉತ್ತರ ಬಂತು: ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಚಾಪೆಯ ಮೇಲೆ ಈ ಸಲ ಸಂಡಿಗೆ ಚೆನ್ನಾಗಿ ಒಣಗಿದೆ ಎಂದು ನಿಮ್ಮ ಅತ್ತಿಗೆ ತಿಳಿಸಲು ಹೇಳಿದ್ದಾಳೆ.

ಆ ಕಾರ್ಡು ಬಂದ ಮರುದಿನವೇ ನೀರಿಗೆ ಬಿದ್ದೆ.

ತಪ್ಪು ನನ್ನದೇ. ಆ ದಿನ ಉಳಿದ ನಾಲ್ಕು ಹರಿಗೋಲೂ ಕೆರೆಯ ಆ ತುದಿಗೆ, ಕೂಗಿದರೂ ಕೇಳದಷ್ಟು ದೂರ ಹೋಗಿದ್ದವು. ಒಂದು ಗೆಂಡೆಮೀನು ಕೋಲಿಗೆ ಸಮವಿತ್ತೋ ಕೂದಲೆಳೆ ಕಡಿಮೆಯಿತ್ತೋ ಎಂಬ ಅನುಮಾನ ಬಂತು. ಎಳೆ ಬಿಸಿಲಿಗೆ ಹಿಡಿದು ನೋಡೋಣವೆಂದು ಎದ್ದು ನಿಂತೆ. ಹರಿಗೋಲಿನಲ್ಲಿ ಎದ್ದು ನಿಲ್ಲಬಾರದೆಂದು ತಾತ ದಿನವೂ ಹೇಳುತ್ತಿದ್ದನಂತೆ, ತೆಲುಗಿನಲ್ಲಿ. ಮೀನು ಕೊಸರಿತು, ಬುಟ್ಟಿ ವಾಲಿತು. ಮೀನು, ಕೋಲು, ನಾನು ಮೂವರೂ ಒಟ್ಟಿಗೆ ಹೋದೆವು.

ಮುಳುಗಿದೆ. ಎದ್ದೆ. ಕಣ್ಣಿಗೆ ಹರಿಗೋಲು ಕಂಡಿತು, ತಾತ ಒಂದು ಕೈ ಚಾಚಿ ಕೂಗುತ್ತಿದ್ದದ್ದು ಕಂಡಿತು.

“ಕುಡಿ, ನಾಯನಾ, ಕುಡಿ.”

ಮತ್ತೆ ಮುಳುಗಿದೆ. ಮುಳುಗುವವನಿಗೆ ಯೋಚನೆಗೆ ಸಮಯವಿರುವುದಿಲ್ಲ ಅನ್ನುತ್ತಾರೆ; ನನ್ನಂಥವನಿಗೆ ಇರುತ್ತದೆ. ಅಷ್ಟು ದಿನದಲ್ಲಿ ತಾತ ನೀರಿನ ಮೇಲೆ ಆಡಿದ ಮೊದಲ ಕನ್ನಡ ಮಾತು ಇದು. ಯಾಕೆ ಕುಡಿ ಅನ್ನುತ್ತಿದ್ದಾನೆ? ಸಾಯುವವನ ಬಾಯಿಗೆ ನೀರು ಬಿಡುತ್ತಾರಲ್ಲ, ಹಾಗೆಯೇ ಇರಬಹುದು. ಬಿಡುವವರು ಯಾರೂ ಇಲ್ಲವಾದ್ದರಿಂದ ನೀನೇ ಕುಡಿ ಅನ್ನುತ್ತಿದ್ದಾನೆ. ಅಥವಾ ಮೂರು ಗುಟುಕು ಕುಡಿದರೆ ಗಂಗಮ್ಮ ಕೈಬಿಡುತ್ತಾಳೆಂದು ಇವರಲ್ಲಿ ಏನಾದರೂ ನಂಬಿಕೆ ಇರಬಹುದು. ಯಾವುದಾದರೂ ಆಗಲಿ, ತಿಳಿದವರು ಹೇಳಿದ್ದನ್ನು ಮಾಡುವುದೇ ತಾತ್ಕಾಲಿಕ ನೌಕರನ ಧರ್ಮ. ಕುಡಿದೆ. ಮನಸ್ಸಿಟ್ಟು ಕುಡಿದೆ. ಎದ್ದಾಗಲೆಲ್ಲ ತಾತ ಇನ್ನೂ ಜೋರಾಗಿ ಕುಡಿ ಕುಡಿ ಅನ್ನುತ್ತಿದ್ದ, ನಾನು ಇನ್ನಷ್ಟು ಕುಡಿಯುತ್ತಿದ್ದೆ.

ಕೊನೆಗೆ ಅವನು ಹುಟ್ಟಿನ ತುದಿಯಿಂದ ನನ್ನ ಎಡಭುಜಕ್ಕೆ ಜೋರಾಗಿ ತಿವಿದ. ನಾನು ಪಕ್ಕಕ್ಕೆ ಸರಿದೆ. ಕಾಲಿಗೆ ಕಲ್ಲು ಸಿಕ್ಕಿತು. ನಿಂತೆ. ನೀರು ಎದೆಯ ತನಕ ಇತ್ತು.

ದಡಕ್ಕೆ ಬಂದು, ನನ್ನನ್ನು ಬೋರಲು ಹಾಕಿ ಬೆನ್ನು ಒತ್ತಿ, ಕುಡಿದದ್ದನ್ನೆಲ್ಲ ಕೆರೆಗೆ ವಾಪಸು ಕೊಡಿಸಿದ ಮೇಲೆ ತಾತ ಪಕ್ಕದಲ್ಲಿ ಕೂತ. ದಡವಾದ್ದರಿಂದ ಕನ್ನಡ ಬಂತು.

“ಬಲಕ್ಕೆ ಬಾ ಅಂದೆ ಸಾಮಿ. ಕುಡಿ ಅಂದ್ರೆ ನಮ್ಮಲ್ಲಿ ಬಲಗಡೆ. ಅಲ್ಲಿ ಹಳೇ ಕಟ್ಟೆ ಮುಳುಗೈತೆ, ನಿಂತ್ಕೋಬೋದಿತ್ತು.” ನನ್ನ ಅಂಗಿಯ ತುದಿ ಹಿಂಡುತ್ತ, “ತಾವು ಕುಡುದ್ಬಿಟ್ರಿ,” ಎಂದ.

ಅವನು ನಗಲಿಲ್ಲ. ನಾನು ಅವನು ನಗಲೆಂದು ಕಾದೆ, ಒಂದು ಗಳಿಗೆ ತಡೆದು ನಗಲು ಸಿದ್ಧನಾಗಿದ್ದೆ.

“ಈಜು ಬರಲ್ಲ ಅಂತ ಗೊತ್ತಾಯ್ತಾ ತಾತ?”

“ಮೊದಲ್ನೇ ದಿನಾನೇ. ಈಜು ಬರೋರು ಅಂಗೆ ಅಂಚು ಹಿಡ್ಕಳಲ್ಲ.”

ನಾನು ಅರ್ಜಿ, ಸಾಹೇಬರು, ಚಾಪೆ ಎಲ್ಲ ಹೇಳಿದೆ. ಚಾಪೆಯ ವಿಷಯ ಹೇಳಬೇಕಾಗಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಕೊನೆಗೆ, “ಬೇಸಿಗೆ ಮುಗಿಯೋದ್ರೊಳಗೆ ಈಜು ಕಲಿಸಿಕೊಡು ತಾತ,” ಎಂದೆ.

“ನಂಗೆ ಬಂದ್ರಲ್ವಾ ಸಾಮಿ, ಕಲಿಸಿಕೊಡೋದು.”

ನಾನು ಅವನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ.

“ನಮ್ಮವಳಿಗೆ ಬರ್ತಿತ್ತು. ನಂಗೆ ಬರಲಿಲ್ಲ, ಅಷ್ಟೇ,” ಎಂದ. “ಈಜು ಬರೋನಿಗೆ ಕೆರೆ ಎಲ್ಲಾ ಒಂದೇ. ಬರ್ದಿರೋನಿಗೆ ಎಲ್ಲೆಲ್ಲಿ ನೆಲ ಐತೆ ಅಂತ ತಿಳ್ಕಂಡಿರ್ಬೇಕು.”

ಮರುದಿನ ಬೆಳಿಗ್ಗೆ ಉಳಿದ ನಾಲ್ಕೂ ಹರಿಗೋಲುಗಳಲ್ಲಿ ನನ್ನ ಕಥೆಯೇ ಇರುತ್ತದೆಂದು ಎದೆ ಗಟ್ಟಿ ಮಾಡಿಕೊಂಡು ಹೋದೆ. ಇಲಾಖೆಯವನು ಕೆರೆ ಕುಡಿದ ಕಥೆ. ಅದನ್ನು ಯಾರು ಬಿಡುತ್ತಾರೆ? ಯಾರೂ ಏನೂ ಅನ್ನಲಿಲ್ಲ. ತಾತ ಹೇಳಿರಲಿಲ್ಲ. ಆ ದಿನವೂ ಹೇಳಲಿಲ್ಲ, ಕೊನೆಯ ತನಕ ಹೇಳಲಿಲ್ಲ. ಬದಲಿಗೆ ನನ್ನ ಕೈಗೆ ಒಂದು ಹುಟ್ಟು ಕೊಟ್ಟ. ಅದರ ಹಿಡಿ ಸಣ್ಣದಾಗಿ ಸವೆದಿತ್ತು, ಹೆಂಗಸಿನ ಕೈಯಳತೆಗೆ. ಅಂಚು ಹಿಡಿದುಕೊಳ್ಳಲು ಕೈ ಖಾಲಿ ಇರಬಾರದೆಂದು ಕೊಟ್ಟನೋ, ಇನ್ನು ಯಾಕೆ ಕೊಟ್ಟನೋ.

ಹುಟ್ಟು ಕೈಗೆ ಬಂದ ಮೇಲೆ ನನಗೂ ದಿಕ್ಕು ಬೇಕಾಯಿತು. ಗುಂಡಗಿರುವ, ತನ್ನಷ್ಟಕ್ಕೆ ತಿರುಗುವ ದೋಣಿಯಲ್ಲಿ ಬಲ ಯಾವುದು, ಎಡ ಯಾವುದು ಎಂಬುದು ನನಗೆ ದೊಡ್ಡ ಚಿಂತೆಯಾಗಿತ್ತು. ಅವರಿಗಲ್ಲ. ತೂಬಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆ ಏನಿದೆಯೋ ಅದು ಕುಡಿ. ನೀನು ಯಾವ ಕಡೆ ತಿರುಗಿದರೂ ಅದು ಕುಡಿಯೇ. ಎಡಗೈ ಕಡೆಯದು ಎಡಮ. ಕುಡಿ ಎಂದರೆ ಹಳೇ ಕಟ್ಟೆ, ತಿಳಿನೀರು, ಕಾಲಿಗೆ ನೆಲ. ಎಡಮ ಎಂದರೆ ಹಳ್ಳ ಹರಿದುಬರುವ ಕಡೆ, ಕಪ್ಪು ನೀರು, ತಾತನ ಮಾತಿನಲ್ಲಿ ‘ಲೋತು’, ಆಳ. ಕುಡಿ, ಎಡಮ, ಪಟ್ಟುಕೋ, ವದಲು, ಮೆಲ್ಲಗಾ. ಬಲ, ಎಡ, ಹಿಡಿ, ಬಿಡು, ಮೆಲ್ಲಗೆ. ನನ್ನ ತೆಲುಗು ಅಲ್ಲಿಂದ ಶುರುವಾಯಿತು. ಅದು ಬರೀ ನೀರಿನ ತೆಲುಗು. ಒಮ್ಮೆ ಚಿಂತಾಮಣಿ ಸಂತೆಗೆ ಹೋದಾಗ ಉಪ್ಪು ಕೇಳಲು ಬರಲಿಲ್ಲ. ಬಲೆ ಎತ್ತು ಎಂದು ಬೇಕಾದರೆ ಹೇಳಬಹುದಾಗಿತ್ತು.

ನಾವಿಬ್ಬರೂ ಯಾವಾಗಲೂ ಕುಡಿಯ ಕಡೆಗೇ ಬಲೆ ಬಿಡುತ್ತಿದ್ದೆವು. ಉಳಿದ ನಾಲ್ಕು ಹರಿಗೋಲೂ ಎಡಮಕ್ಕೆ. ದೊಡ್ಡ ಕಾಟ್ಲಾ ಮೀನುಗಳೆಲ್ಲ ಆಳದಲ್ಲಿರುತ್ತವೆಂದು ನನಗೂ ಬೇಗ ತಿಳಿಯಿತು. ಅವರ ಬುಟ್ಟಿಯಲ್ಲಿ ತೊಡೆ ಗಾತ್ರದ ಮೀನು, ನಮ್ಮದರಲ್ಲಿ ಕೋಲಿನ ಆಸುಪಾಸಿನ ಮೀನು. ಅದರಲ್ಲೂ ಅರ್ಧ ನನ್ನ ಕೋಲು ವಾಪಸು ಬಿಡಿಸುತ್ತಿತ್ತು. ಸೈಕಲ್ ಸಾಬರು ದಿನವೂ ನಮ್ಮ ಬುಟ್ಟಿಯೊಳಗೆ ಬಗ್ಗಿ, ಎಲ್ಲೋ ಏನೋ ಬಿದ್ದುಹೋಗಿರುವವರಂತೆ ಹುಡುಕುತ್ತಿದ್ದರು.

“ಏನ್ ತಾತ, ಮೀನು ಹಿಡೀತಿದ್ದೀಯೋ, ಅಕ್ವಾರಿಯಂಗೆ ಮರಿ ಸಾಕ್ತಿದ್ದೀಯೋ?”

“ಇದ್ದದ್ದು ಬಂತು ಸಾಬ್ರೇ.”

“ಮೀನೆಲ್ಲ ಆ ಕಡೆ, ನೀನು ಈ ಕಡೆ. ಯಾಕೆ, ಅವಕ್ಕೂ ನಿನಗೂ ಮಾತು ಬಿಟ್ಟೋಗಿದ್ಯಾ?”

“ವಯಸ್ಸಾಯ್ತು. ಆಳದ್ ಕಡೆ ಹೋಗೋಕೆ ಎದೆ ಇಲ್ಲ.”

ಗುಡಿಸಲುಗಳ ಕಡೆಯಿಂದ ನಗು ಬಂತು. ಯಾರೋ ಹೆಂಗಸು ತೆಲುಗಿನಲ್ಲಿ, ಹೆಂಡತಿ ಹೋದ ಮೇಲೆ ತಾತನೇ ಹೆಂಗಸಾದ ಎಂದಳು. ಅಷ್ಟು ತೆಲುಗು ಆಗಲೇ ನನಗೆ ಬಂದಿತ್ತು, ಬಾರದಿದ್ದರೆ ಚೆನ್ನಾಗಿತ್ತು. ತಾತ ಬಲೆ ಕೊಡವುತ್ತಿದ್ದ. ನಾನು ಅಳತೆಕೋಲು ಒರೆಸಿದೆ. ಒಳಗೊಳಗೇ ನನಗೆ ಸಮಾಧಾನವೂ ಆಗುತ್ತಿತ್ತು, ಅದನ್ನು ಬರೆದುಬಿಡಬೇಕು. ನನಗಿಂತ ಅಂಜುಬುರುಕ ಇನ್ನೊಬ್ಬನಿದ್ದಾನೆ, ಅದೂ ಕೆರೆಯಲ್ಲೇ ಹುಟ್ಟಿ ಬೆಳೆದವನು ಎಂಬ ಸಮಾಧಾನ. ಈಜು ಬಾರದ ಮುದುಕ ತನ್ನ ಜೀವಕ್ಕೆ ಹೆದರಿ ನೆಲವಿರುವ ಕಡೆ ಸುತ್ತುತ್ತಿದ್ದಾನೆ, ನನ್ನ ಪುಣ್ಯಕ್ಕೆ ಅವನ ಜೊತೆಗೇ ನಾನು ಬಿದ್ದೆ ಎಂದುಕೊಂಡಿದ್ದೆ.

ಮೇ ಕೊನೆಯಲ್ಲಿ ಸಾಹೇಬರು ಜೀಪಿನಲ್ಲಿ ಬಂದರು. ಮೈಸೂರು ಕಡೆಯ ಕನ್ನಡ, ತಲೆಗೆ ಹ್ಯಾಟು, ಕೈಯಲ್ಲಿ ನನ್ನ ಅರ್ಜಿ. ಏರಿಯ ಮೇಲೆ ನಿಂತು ತಾತನನ್ನು ಮೀನಿನ ಬಗ್ಗೆ, ನೀರಿನ ಬಗ್ಗೆ ವಿಚಾರಿಸಿದರು. ತಾತ ಕೈಕಟ್ಟಿ ಉತ್ತರ ಕೊಟ್ಟ. ಆಮೇಲೆ ಅವರು ನನ್ನ ಕಡೆ ತಿರುಗಿ, “ನಡಿಯಪ್ಪ, ನಿನ್ನ ಈಜು ನೋಡಿಬಿಡೋಣ,” ಎಂದು ತಾವೇ ಹರಿಗೋಲು ಹತ್ತಿದರು. ದಡದಿಂದ ನೋಡುತ್ತಾರೆಂದು ನಾನು ಅಂದುಕೊಂಡಿದ್ದೆ. ನಾನೂ ಹತ್ತಿ, ಅಂಚು ಹಿಡಿಯದಿರಲು ನನ್ನ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ದಡ ಬಿಟ್ಟು ಎರಡು ಮಾರು ಹೋದೆವು. ಸಾಹೇಬರು ಕೈ ಎತ್ತಿ ಎಡಗಡೆ ತೋರಿಸಿದರು. “ಅಲ್ಲಿಗೆ ಹೋಗಪ್ಪ, ಅಲ್ಲಿ ನೀರು ಚೆನ್ನಾಗಿದೆ.”

ತಾತ ನನ್ನನ್ನು ನೋಡಿ ತೆಲುಗಿನಲ್ಲಿ, “ಆ ಪಕ್ಕ ಪೋತೇ ಮುನಿಗಿಪೋತಾವು, ನಾಯನಾ,” ಎಂದ. ಆ ಕಡೆ ಹೋದರೆ ಮುಳುಗಿಹೋಗುತ್ತೀಯ.

“ಏನಂತಾನೆ? ಈಗ ತಾನೆ ಕನ್ನಡ ಮಾತಾಡ್ತಿದ್ದನಲ್ಲ?”

“ನೀರಿಗಿಳಿದರೆ ತೆಲುಗೇ ಬರೋದು ಸಾರ್ ಅವನಿಗೆ.”

ಸಾಹೇಬರು ನನ್ನನ್ನು ಒಂದು ಥರ ನೋಡಿದರು. “ಸರಿ, ಏನಂದ?”

ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ಭಾಷಾಂತರ ಅದು. “ಆ ಕಡೆ ಎಲ್ಲರೂ ಬಲೆ ಬಿಟ್ಟಿದ್ದಾರಂತೆ ಸಾರ್. ಕಾಲಿಗೆ ಸಿಕ್ಕಿಕೊಂಡರೆ ಬಲೆ ಹರಿದುಹೋಗುತ್ತಂತೆ.”

ಬಡವರ ಬಲೆ ಹರಿಯುವುದು ಸಾಹೇಬರಿಗೂ ಬೇಡವಾಗಿತ್ತು. ಒಳ್ಳೆಯ ಮನುಷ್ಯ. ಹರಿಗೋಲು ಬಲಕ್ಕೆ ತಿರುಗಿತು.

ತಾತ ಒಂದು ಕಡೆ ನಿಲ್ಲಿಸಿ, ಹುಟ್ಟನ್ನು ನೀರಿಗೆ ನೆಟ್ಟಗೆ ಇಳಿಸಿ, ಸುಮ್ಮನೆ ಆಡಿಸುವವನಂತೆ ತಳ ಮುಟ್ಟಿ ನೋಡಿದ. ನನಗೆ ಕಣ್ಣಲ್ಲೇ ತೋರಿಸಿದ. ನಾನು ಅಂಗಿ ಕಳಚಿ, ಕುಲದೇವರನ್ನು ನೆನೆದು, ಹುಟ್ಟಿನ ಪಕ್ಕದಲ್ಲೇ ಇಳಿದೆ. ಕಾಲಿಗೆ ಕಲ್ಲು ಸಿಕ್ಕಿತು. ಮೊಣಕಾಲು ಮಡಚಿ ಗಲ್ಲವನ್ನು ನೀರಿಗೆ ಇಟ್ಟೆ. ಗೋಣಿಚೀಲದ ಮೇಲೆ ಕಲಿತ ವಿದ್ಯೆಯನ್ನೆಲ್ಲ ಕೈಗಳಿಗೆ ಕೊಟ್ಟು, ಕಾಲಲ್ಲಿ ಕಟ್ಟೆಯ ಮೇಲೆ ನಡೆಯತೊಡಗಿದೆ. ಕಟ್ಟೆ ನೆಟ್ಟಗಿರಲಿಲ್ಲ; ಅಲ್ಲಲ್ಲಿ ಮುರಿದು ಬಾಗಿತ್ತು. ಹಿಂದಿನಿಂದ ತಾತನ ದನಿ, ದನಕ್ಕೆ ಹೇಳುವಷ್ಟು ಮೆಲ್ಲಗೆ, ಬರುತ್ತಿತ್ತು. “ಕುಡಿ… ಇಂಕಾ ಕುಡಿ… ಮೆಲ್ಲಗಾ… ಕುಡಿ.” ಇಂಕಾ ಅಂದರೆ ಇನ್ನೂ. ಅವನು ಕುಡಿ ಎಂದಾಗಲೆಲ್ಲ ನಾನು ಒಂದು ಹೆಜ್ಜೆ ಬಲಕ್ಕೆ ಸರಿಯುತ್ತಿದ್ದೆ, ಅಲ್ಲಿ ನೆಲ ಇರುತ್ತಿತ್ತು. ಅಷ್ಟು ನಂಬಿ ನಾನು ಯಾರ ಮಾತನ್ನೂ ಕೇಳಿದವನಲ್ಲ, ಆಮೇಲೂ ಕೇಳಿಲ್ಲ. ಐವತ್ತು ಮಾರು ಹೋಗಿ, ತಿರುಗಿ ಬಂದೆ.

ಹರಿಗೋಲಿಗೆ ಎಳೆದುಕೊಂಡ ಮೇಲೆ ಸಾಹೇಬರು ನನಗೆ ತಮ್ಮ ಟವೆಲು ಕೊಟ್ಟರು. “ಪರವಾಗಿಲ್ಲ, ಸ್ವಲ್ಪ ನಿಧಾನ. ಆದರೆ ಒಂದು ಮಾತು ಕೇಳು. ಈಜುವಾಗ ನೀರು ಕುಡೀಬಾರದು ಕಣಯ್ಯ. ಈ ಮುದುಕ ಆಗಿನಿಂದ ಕುಡಿ ಕುಡಿ ಅಂತಿದ್ದಾನೆ. ಅವನು ಹೇಳಿದ ಅಂತ ನೀನು ಕುಡಿದು ಗಿಡಿದೀಯ.”

ತಾತ ಕೆರೆಯ ಆ ದಡ ನೋಡುತ್ತಿದ್ದ. ಅವನ ಭುಜ ಅಲುಗುತ್ತಿತ್ತು. ನಾನು ಟವೆಲಿನೊಳಗೆ ಮುಖ ಹುದುಗಿಸಿದೆ. ಇಬ್ಬರಿಗೂ ಒಂದೇ ಗಳಿಗೆಗೆ ನಗು ಬಂದಿತ್ತು. ಈ ಸೀಮೆಯಲ್ಲಿ ನಾನು ತಡೆಯದೆ ನಕ್ಕದ್ದು ಅದೇ ಮೊದಲು.

ಕಾಯಂ ಆದ ಆರ್ಡರು ಹತ್ತು ದಿನಕ್ಕೆ ಬಂತು. ಗೌರಿಬಿದನೂರು ಕಡೆ, ಮೀನುಮರಿ ಸಾಕುವ ಹೊಂಡಗಳ ಮೇಲ್ವಿಚಾರಣೆ. ಹೊಂಡಗಳಲ್ಲಿ ಮೊಣಕಾಲುದ್ದ ನೀರು. ಈಜುವ ಪ್ರಶ್ನೆಯೇ ಇಲ್ಲ. ಅದನ್ನೋದಿ ಕುಣಿಯಬೇಕಾಗಿತ್ತು. ನಾನು ಕಾಗದ ಹಿಡಿದು ಕೋಣೆಯ ಬಾಗಿಲಲ್ಲಿ ಕೂತೆ. ಕಾಯಂ ಆದರೆ ಇದೇ ಕೆರೆಯಲ್ಲಿ, ಇದೇ ಹರಿಗೋಲಿನಲ್ಲಿ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಹಾಗೆ ಅಂದುಕೊಂಡಿದ್ದೆ. ಸಾವಿರ ಚಿಂತೆ ಮಾಡಿದವನು ಇದೊಂದನ್ನು ಬಿಟ್ಟಿದ್ದೆ.

ಹೊರಡುವ ದಿನ ಮೊದಲ ಮಳೆ ಬಿದ್ದು, ಬೆಸ್ತರೂ ಗಂಟು ಕಟ್ಟುತ್ತಿದ್ದರು. ತಾತ ಬಸ್ಸಿನ ತನಕ ಬಂದ. ದಡವಾದ್ದರಿಂದ, “ಹೋಗ್ಬನ್ನಿ ಸಾಮಿ, ತಮಗೆ ಒಳ್ಳೇದಾಗ್ಲಿ,” ಎಂದ. ನಾನೂ, “ಬರ್ತೀನಿ ತಾತ,” ಎಂದೆ. ಬಸ್ಸು ಹೊರಟ ಮೇಲೆ ನೆನಪಾಯಿತು, ಹುಟ್ಟು ಕೊಟ್ಟದ್ದಕ್ಕೆ, ಬಾಯಿ ಬಿಡದಿದ್ದದ್ದಕ್ಕೆ, ಯಾವುದಕ್ಕೂ ಒಂದು ಮಾತು ಹೇಳಲಿಲ್ಲ.

ಗೌರಿಬಿದನೂರಿನಲ್ಲಿ ಕೋಣೆ ಸಿಕ್ಕಿತು. ಹೊಸ ಚಾಪೆ ಕೊಂಡು, ಬೇಕೆಂದೇ ಕೋಣೆಯ ನಟ್ಟನಡುವೆ ಹಾಸಿದೆ. ಯಾರೂ ಅದನ್ನು ಸರಿಸಲಿಲ್ಲ. ಸರಿಸುವವರು ಯಾರೂ ಇರಲಿಲ್ಲ. ಹೊಂಡದಲ್ಲಿ ಮರಿಗಳು ಉಗುರಿನಷ್ಟಿದ್ದವು. ಅವುಗಳೊಂದಿಗೆ ಯಾವ ಭಾಷೆಯಲ್ಲಿ ಮಾತಾಡಿದರೂ ನಡೆಯುತ್ತಿತ್ತು.

ಮುಂದಿನ ಬೇಸಿಗೆಯಲ್ಲಿ ಒಂದು ದಿನ ರಜೆ ಹಾಕಿ ಶಿಡ್ಲಘಟ್ಟಕ್ಕೆ ಬಂದೆ. ಬಸ್‌ಸ್ಟ್ಯಾಂಡಿನಲ್ಲೇ ಸೈಕಲ್ ಸಾಬರು ಸಿಕ್ಕರು. ಬುಟ್ಟಿಯಿಂದ ಒಂದು ಕಾಟ್ಲಾದ ಬಾಲ ಹೊರಗೆ ಚಾಚಿತ್ತು.

“ಅರೆ, ಕೋಲು ಸಾರ್. ಚೆನ್ನಾಗಿದ್ದೀರಾ? ಇದು ನೋಡಿ, ನಿಮ್ಮ ತಾತಂದು. ಈಗ ಇದನ್ನ ಅಳೀರಿ ನಿಮ್ಮ ಕೋಲಲ್ಲಿ.”

“ತಾತನದೇ? ಬಲಗಡೆ ಇಷ್ಟು ದೊಡ್ಡ ಮೀನು ಎಲ್ಲಿ ಬರುತ್ತೆ ಸಾಬರೇ?”

“ಯಾವ ಬಲಗಡೆ? ಅವನು ಎಡಗಡೆಯವನೇ. ನಾನು ಈ ಸೈಕಲ್ ತುಳಿಯೋಕೆ ಮುಂಚಿಂದ ಅವನು ಮೀನು ಹಿಡಿಯೋದು ಆ ಆಳದಲ್ಲೇ, ಗಂಡ ಹೆಂಡತಿ ಇಬ್ರೂ.” ಸಾಬರು ಬುಟ್ಟಿಯ ಹಗ್ಗ ಬಿಗಿದರು. “ಹೋದ ವರ್ಷ ಒಂದೇ ಅವನಿಗೆ ಏನೋ ಆಗಿತ್ತು.” ಬಿಗಿಯುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. “ಹೋದ ವರ್ಷ ನೀವಿದ್ರಲ್ಲ ಸಾರ್ ಅವನ ಜೊತೆ,” ಎಂದರು. ಆಮೇಲೆ ಸೈಕಲ್ ಹತ್ತಿದರು.

ಸಾದಲಿ ಬಸ್ಸಿನಲ್ಲಿ ನಿಂತೇ ಹೋದೆ, ಸೀಟು ಖಾಲಿಯಿತ್ತು.

ಏರಿ ಹತ್ತುವ ಹೊತ್ತಿಗೆ ಸಂಜೆ ಬಲೆ ಬಿಡುವ ಸಮಯ. ತಾತನ ಹರಿಗೋಲು ಆಗ ತಾನೆ ದಡ ಬಿಟ್ಟಿತ್ತು. ಕೂಗಿದ್ದರೆ ಕೇಳುತ್ತಿತ್ತು. ಏನೆಂದು ಕೂಗುವುದು? ಕೂಗಿದರೆ ಅವನು ತಿರುಗಿ ಬರುತ್ತಾನೆ, ದಡ ಹತ್ತುತ್ತಾನೆ, ಸಾಮಿ ಎನ್ನುತ್ತಾನೆ, ಕೈಕಟ್ಟುತ್ತಾನೆ. ಒಂದು ಹೊತ್ತಿನ ಬಲೆ ನನ್ನಿಂದ ಹಾಳಾಗುತ್ತದೆ. ಅದಾಗಲೇ ಒಂದು ಇಡೀ ಬೇಸಿಗೆ ಹಾಳಾಗಿದೆ. ತೆಲುಗಿನಲ್ಲಿ ಕೂಗೋಣವೆಂದರೆ ನನ್ನ ತೆಲುಗಿನಲ್ಲಿ ಕ್ಷಮಿಸು ಎಂಬ ಮಾತಿರಲಿಲ್ಲ. ಹಿಡಿ, ಬಿಡು ಇದ್ದವು. ಇಷ್ಟೆಲ್ಲ ಯೋಚಿಸುವಷ್ಟರಲ್ಲಿ ಹರಿಗೋಲು ತೂಬನ್ನು ದಾಟಿ ಕಪ್ಪು ನೀರಿನ ಕಡೆ ತಿರುಗಿತ್ತು.

ನೀರಿನ ಮೇಲಿಂದ ದನಿ ಬಂತು.

“ಎಡಮ… ಎಡಮ… ಮೆಲ್ಲಗಾ, ಪಟ್ಟುಕೋ.”

ಹರಿಗೋಲಿನಲ್ಲಿ ಅವನೊಬ್ಬನೇ ಇದ್ದ. ಎದುರಿನ ಜಾಗದಲ್ಲಿ ಹುಟ್ಟೊಂದು ಅಂಚಿಗೆ ಒರಗಿತ್ತು. ನನ್ನ ಕೈ ತಾನಾಗಿ ಏನನ್ನೋ ಹಿಡಿಯಲು ಹೋಯಿತು, ಸಿಕ್ಕಿದ್ದು ಕಂಕುಳಲ್ಲಿದ್ದ ಛತ್ರಿ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೊನೆಯ ಬಸ್ಸು ತಪ್ಪಿಹೋಗುತ್ತದೆಂದು ಚಿಂತೆ ಮಾಡುತ್ತ, ಅವನು ಬಲೆಯನ್ನು ಪೂರ್ತಿ ಬಿಟ್ಟು ಮುಗಿಸುವ ತನಕ ಅಲ್ಲೇ ನಿಂತಿದ್ದೆ.